ಶಾಸಕಗಿರಿಯಿಂದ ಸಂಸತ್ತಿಗೆ: ಕರಡಿ ಸಂಗಣ್ಣ, ರಾಜಾ ಅಮರೇಶ್ವರ ನಾಯಕ ನಡೆದ ಹಾದಿ, ಸಿಂಧನೂರು, ಮಸ್ಕಿ, ಲಿಂಗಸುಗೂರಿಗೆ ಅದರ ಲೆಕ್ಕ

ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು. ಒಂದೇ ರಾಷ್ಟ್ರೀಯ ಹೆದ್ದಾರಿ, 150ಎ. ಜಿಲ್ಲಾಧಿಕಾರಿ ಒಬ್ಬರೇ, ಎಸ್ಪಿ ಒಬ್ಬರೇ. ಎಸಿ ಕಚೇರಿ ಕೆಲಸ ಇದ್ದರೆ ಲಿಂಗಸುಗೂರಿಗೇ ಹೋಗಬೇಕು. ಆದರೆ ಎಂಪಿ ಮಾತ್ರ ಇಬ್ಬರು. ಸಿಂಧನೂರು ಮತ್ತು ಮಸ್ಕಿಯ ಮತ ಕೊಪ್ಪಳ ಲೋಕಸಭೆ ಕ್ಷೇತ್ರಕ್ಕೆ, ಲಿಂಗಸುಗೂರಿನ ಮತ ರಾಯಚೂರು ಕ್ಷೇತ್ರಕ್ಕೆ.

"ನಮ್ಮ ಎಂಪಿ ಯಾರ್ರೀ?" ಅಂತ ಅಂಗಡಿ ಕಟ್ಟೆ ಮೇಲೆ ಕೇಳಿದರೆ ಇವತ್ತಿಗೂ ಸಿಂಧನೂರಿನಲ್ಲಿ ಕೆಲವರು ರಾಯಚೂರು ಎಂಪಿ ಹೆಸರು ಹೇಳ್ತಾರೆ. ತಪ್ಪು ಅವರದಲ್ಲ. ಜಿಲ್ಲೆ ರಾಯಚೂರು, ಎಂಪಿ ಕೊಪ್ಪಳದವರು ಅನ್ನೋದು ತಲೆಗೆ ಹೋಗೋದು ಸ್ವಲ್ಪ ಕಷ್ಟವೇ.

ಈ ಎರಡು ಕ್ಷೇತ್ರಗಳಿಂದ 2019ರಲ್ಲಿ ಗೆದ್ದ ಇಬ್ಬರೂ ಹಿಂದೆ ಶಾಸಕರಾಗಿದ್ದವರು. ಕೊಪ್ಪಳದ ಕರಡಿ ಸಂಗಣ್ಣ, ರಾಯಚೂರಿನ ರಾಜಾ ಅಮರೇಶ್ವರ ನಾಯಕ. ಇಬ್ಬರೂ ಬಿಜೆಪಿ. 2024ರಲ್ಲಿ ಒಬ್ಬರಿಗೆ ಟಿಕೆಟ್ ಕೈತಪ್ಪಿತು, ಇನ್ನೊಬ್ಬರು ಟಿಕೆಟ್ ಸಿಕ್ಕೂ ಸೋತರು. ಎಂಎಲ್‌ಎ ಆಗಿದ್ದವರು ಎಂಪಿ ಆದರೆ ನಮಗೆ ಏನು ಬದಲಾಗುತ್ತದೆ, ಯಾವ ಕೆಲಸಕ್ಕೆ ಯಾರ ಬಾಗಿಲು ತಟ್ಟಬೇಕು ಅನ್ನೋದನ್ನ ಈ ಇಬ್ಬರ ರಾಜಕೀಯ ಹಾದಿಯಿಂದ ತಿಳಿಯಬಹುದು. ಓದುಗರು ಇಟ್ಟುಕೊಳ್ಳಲಿ ಅಂತ ಮಾಹಿತಿ ಒಂದೇ ಕಡೆ ಕೊಟ್ಟಿದ್ದೇವೆ.

ಮೂರು ತಾಲೂಕು, ಎರಡು ಕ್ಷೇತ್ರ

ಈಗಿರುವ ಗಡಿ 2008ರ ಕ್ಷೇತ್ರ ಮರುವಿಂಗಡಣೆಯದು. ಅದರ ಪ್ರಕಾರ:

ಕೊಪ್ಪಳ ಲೋಕಸಭೆ (ಸಾಮಾನ್ಯ): ಸಿಂಧನೂರು, ಮಸ್ಕಿ, ಕುಷ್ಟಗಿ, ಕನಕಗಿರಿ, ಗಂಗಾವತಿ, ಯಲಬುರ್ಗಾ, ಕೊಪ್ಪಳ, ಸಿರುಗುಪ್ಪ. ಅಂದರೆ ಕೊಪ್ಪಳ ಜಿಲ್ಲೆಯ ಐದು, ರಾಯಚೂರು ಜಿಲ್ಲೆಯ ಎರಡು, ಬಳ್ಳಾರಿ ಜಿಲ್ಲೆಯ ಒಂದು.

ರಾಯಚೂರು ಲೋಕಸಭೆ (ಪರಿಶಿಷ್ಟ ಪಂಗಡ ಮೀಸಲು): ಲಿಂಗಸುಗೂರು, ದೇವದುರ್ಗ, ಮಾನ್ವಿ, ರಾಯಚೂರು ನಗರ, ರಾಯಚೂರು ಗ್ರಾಮೀಣ, ಸುರಪುರ, ಶಹಾಪುರ, ಯಾದಗಿರಿ.

ವಿಧಾನಸಭೆಗೆ ಸಿಂಧನೂರು ಸಾಮಾನ್ಯ ಕ್ಷೇತ್ರ. ಮಸ್ಕಿ 2008ರಲ್ಲಿ ಹೊಸದಾಗಿ ಹುಟ್ಟಿದ ಕ್ಷೇತ್ರ, ಪರಿಶಿಷ್ಟ ಪಂಗಡಕ್ಕೆ ಮೀಸಲು. ಲಿಂಗಸುಗೂರು ಅದೇ ವರ್ಷದಿಂದ ಪರಿಶಿಷ್ಟ ಜಾತಿಗೆ ಮೀಸಲು. ಈ ಮೀಸಲಾತಿ ಬದಲಾವಣೆಯೇ ಯಾರು ಎಂಎಲ್‌ಎಗೆ ನಿಲ್ಲಬೇಕು, ಯಾರು ಎಂಪಿಗೆ ನಿಲ್ಲಬೇಕು ಅನ್ನೋದನ್ನ ಬಹಳ ಮಟ್ಟಿಗೆ ತೀರ್ಮಾನ ಮಾಡಿತು. ಮುಂದೆ ಹೇಳುತ್ತೇವೆ.

ಕರಡಿ ಸಂಗಣ್ಣ: ಕೊಪ್ಪಳದ ಎಂಎಲ್‌ಎ, ಸಿಂಧನೂರಿನ ಎಂಪಿ

ಸಂಗಣ್ಣ ಮೂಲತಃ ಕೊಪ್ಪಳ ತಾಲೂಕಿನ ರಾಜಕಾರಣಿ. 1990ರ ದಶಕದಲ್ಲೇ ಕೊಪ್ಪಳದಿಂದ ವಿಧಾನಸಭೆಗೆ ಹೋದವರು. ಜನತಾ ಪರಿವಾರದಲ್ಲಿ ಬೆಳೆದವರು. 2008ರಲ್ಲಿ ಜೆಡಿಎಸ್ ಟಿಕೆಟ್ ಮೇಲೆ ಕೊಪ್ಪಳದಿಂದ ಗೆದ್ದರು. ಅವಧಿ ಮುಗಿಯುವ ಮೊದಲೇ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2011ರ ಸೆಪ್ಟೆಂಬರ್‌ನಲ್ಲಿ ಉಪಚುನಾವಣೆ ನಡೆಯಿತು. ಬಿಜೆಪಿಯಿಂದ ನಿಂತು ಕಾಂಗ್ರೆಸ್‌ನ ಕೆ. ಬಸವರಾಜ ಹಿಟ್ನಾಳ ಅವರನ್ನು ಸೋಲಿಸಿ ಮತ್ತೆ ಶಾಸಕರಾದರು.

ಅಲ್ಲಿಂದ ಕೊಪ್ಪಳದ ರಾಜಕೀಯ ಎಂದರೆ ಕರಡಿ ಮನೆತನ ಮತ್ತು ಹಿಟ್ನಾಳ ಮನೆತನದ ಜಿದ್ದಾಜಿದ್ದಿ ಎಂಬಂತಾಯಿತು. ಚುನಾವಣೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ:

2011 ಉಪಚುನಾವಣೆ (ವಿಧಾನಸಭೆ): ಸಂಗಣ್ಣ ಗೆಲುವು, ಬಸವರಾಜ ಹಿಟ್ನಾಳ ಸೋಲು.

2013 ವಿಧಾನಸಭೆ: ಬಸವರಾಜ ಅವರ ಮಗ ರಾಘವೇಂದ್ರ ಹಿಟ್ನಾಳ ಗೆಲುವು, ಸಂಗಣ್ಣ ಸೋಲು.

2014 ಲೋಕಸಭೆ: ಸಂಗಣ್ಣ 4,83,383 ಮತ, ಬಸವರಾಜ ಹಿಟ್ನಾಳ 4,50,969. ಅಂತರ 32,414.

2018 ವಿಧಾನಸಭೆ: ರಾಘವೇಂದ್ರ ಹಿಟ್ನಾಳ ಗೆಲುವು, ಸಂಗಣ್ಣ ಅವರ ಮಗ ಅಮರೇಶ ಕರಡಿ ಸೋಲು.

2019 ಲೋಕಸಭೆ: ಸಂಗಣ್ಣ 5,86,783 ಮತ, ರಾಘವೇಂದ್ರ ಅವರ ಸಹೋದರ ರಾಜಶೇಖರ ಹಿಟ್ನಾಳ 5,48,386. ಅಂತರ 38,397.

2023 ವಿಧಾನಸಭೆ: ರಾಘವೇಂದ್ರ ಹಿಟ್ನಾಳ ಗೆಲುವು, ಸಂಗಣ್ಣ ಅವರ ಸೊಸೆ ಮಂಜುಳಾ ಅಮರೇಶ ಕರಡಿ ಸೋಲು.

2024 ಲೋಕಸಭೆ: ರಾಜಶೇಖರ ಹಿಟ್ನಾಳ 6,63,511 ಮತ ಪಡೆದು ಗೆಲುವು. ಬಿಜೆಪಿಯ ಡಾ. ಬಸವರಾಜ ಕ್ಯಾವಟರ್ 6,17,154. ಅಂತರ 46,357. ಸಂಗಣ್ಣ ಕಣದಲ್ಲೇ ಇರಲಿಲ್ಲ.

ಈ ಪಟ್ಟಿಯಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಸ್ವಂತ ಊರಿನ ವಿಧಾನಸಭೆ ಕ್ಷೇತ್ರದಲ್ಲಿ ಕರಡಿ ಮನೆತನ ಮೂರು ಸಲ ಸೋತಿದೆ: 2013, 2018, 2023. ಆದರೆ 2014 ಮತ್ತು 2019ರಲ್ಲಿ ಎಂಪಿ ಚುನಾವಣೆಯನ್ನು ಗೆದ್ದಿದೆ. 2013ರ ಮೇ ತಿಂಗಳಲ್ಲಿ ಎಂಎಲ್‌ಎಗೆ ಬೇಡ ಅಂದ ಕ್ಷೇತ್ರವನ್ನೂ ಒಳಗೊಂಡ ಲೋಕಸಭೆಗೆ ಮುಂದಿನ ಮೇ ಹೊತ್ತಿಗೆ ಅದೇ ವ್ಯಕ್ತಿ ಎಂಪಿ.

ಇದರ ಅರ್ಥ ಏನು? ಎಂಎಲ್‌ಎ ಚುನಾವಣೆಯಲ್ಲಿ ಜನ ಮುಖ ನೋಡ್ತಾರೆ. ಮದುವೆಗೆ ಬಂದನಾ, ಮಣ್ಣಿಗೆ ಬಂದನಾ, ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಫೋನ್ ಎತ್ತಿದನಾ ಅಂತ ಲೆಕ್ಕ ಹಾಕ್ತಾರೆ. ಎಂಪಿ ಚುನಾವಣೆಯಲ್ಲಿ ಪ್ರಧಾನಿ ಯಾರಾಗಬೇಕು, ಚಿಹ್ನೆ ಯಾವುದು ಅಂತ ನೋಡ್ತಾರೆ. ಎಂಟು ವಿಧಾನಸಭೆ ಕ್ಷೇತ್ರದ ಎಲ್ಲ ಹಳ್ಳಿಗೂ ಒಬ್ಬ ಮನುಷ್ಯ ಮುಖ ತೋರಿಸೋದು ಆಗದ ಮಾತು. ಕೊಪ್ಪಳದ ಸಂಗಣ್ಣ ಅವರಿಗೆ ಸಿಂಧನೂರು ಕ್ಯಾಂಪಿನ ರೈತನೋ, ಮಸ್ಕಿಯ ಕಿರಾಣಿ ಅಂಗಡಿಯವನೋ ವೋಟು ಹಾಕಿದ್ದರೆ ಅದು ಬಹುತೇಕ ಪಕ್ಷ ನೋಡಿ ಹಾಕಿದ್ದು.

ಚಿಹ್ನೆ ಮೇಲೆ ಗೆದ್ದವರಿಗೆ ಚಿಹ್ನೆ ಕೊಡುವವರು ದೆಹಲಿಯಲ್ಲಿ ಇರ್ತಾರೆ. 2024ರ ಮಾರ್ಚ್‌ನಲ್ಲಿ ಬಿಜೆಪಿ ಪಟ್ಟಿ ಬಂದಾಗ ಕೊಪ್ಪಳಕ್ಕೆ ಡಾ. ಕ್ಯಾವಟರ್ ಹೆಸರು ಬಂತು. ಎರಡು ಸಲ ಗೆದ್ದ ಹಾಲಿ ಸಂಸದರಿಗೆ ಟಿಕೆಟ್ ಇಲ್ಲ. ಏಪ್ರಿಲ್‌ನಲ್ಲಿ ಸಂಗಣ್ಣ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿದರು. ಒಂದು ದಶಕಕ್ಕೂ ಹೆಚ್ಚು ಕಾಲ ಎದುರು ನಿಂತಿದ್ದ ಹಿಟ್ನಾಳ ಮನೆತನದ ಅಭ್ಯರ್ಥಿಯೇ ಈಗ ಅವರ ಹೊಸ ಪಕ್ಷದ ಅಭ್ಯರ್ಥಿ.

ರಾಜಾ ಅಮರೇಶ್ವರ ನಾಯಕ: ಗುರುಗುಂಟಾದಿಂದ ಸಂಸತ್ತಿಗೆ

ಲಿಂಗಸುಗೂರು ತಾಲೂಕಿನ ಗುರುಗುಂಟಾ ಸಂಸ್ಥಾನದ ಮನೆತನದವರು ರಾಜಾ ಅಮರೇಶ್ವರ ನಾಯಕ. ಕಾಂಗ್ರೆಸ್‌ನಲ್ಲಿದ್ದಾಗ ಲಿಂಗಸುಗೂರು ಮತ್ತು ಕಲ್ಮಲಾ ಕ್ಷೇತ್ರಗಳಿಂದ ಶಾಸಕರಾಗಿದ್ದರು, ರಾಜ್ಯದಲ್ಲಿ ಸಚಿವರೂ ಆಗಿದ್ದರು. ಕಲ್ಮಲಾ ಹೆಸರಿನ ಕ್ಷೇತ್ರ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 2008ರ ಮರುವಿಂಗಡಣೆಯಲ್ಲಿ ಅದು ಇಲ್ಲವಾಯಿತು.

ಅದೇ ಮರುವಿಂಗಡಣೆಯಲ್ಲಿ ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲಾಯಿತು. ನಾಯಕರು ಪರಿಶಿಷ್ಟ ಪಂಗಡದವರು. ಹೀಗಾಗಿ ಹುಟ್ಟಿದ ತಾಲೂಕಿನಲ್ಲೇ ಎಂಎಲ್‌ಎಗೆ ನಿಲ್ಲುವ ಬಾಗಿಲು ಮುಚ್ಚಿತು. ಆದರೆ ರಾಯಚೂರು ಲೋಕಸಭೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿ ಆ ಬಾಗಿಲು ತೆರೆಯಿತು. ನಮ್ಮ ಭಾಗದಲ್ಲಿ ಎಂಎಲ್‌ಎ ಆಗಿದ್ದವರು ಎಂಪಿ ಕಡೆ ಹೊರಳುವುದಕ್ಕೆ ಮಹತ್ವಾಕಾಂಕ್ಷೆಯೊಂದೇ ಕಾರಣ ಅಲ್ಲ, ಕ್ಷೇತ್ರದ ನಕ್ಷೆಯೂ ಕಾರಣ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

2019ರಲ್ಲಿ ಬಿಜೆಪಿಯಿಂದ ನಿಂತು 5,98,337 ಮತ ಪಡೆದರು. ಹಾಲಿ ಸಂಸದರಾಗಿದ್ದ ಕಾಂಗ್ರೆಸ್‌ನ ಬಿ.ವಿ. ನಾಯಕ ಅವರಿಗೆ 4,80,621. ಅಂತರ 1,17,716. ಇದರ ಹಿಂದಿನ ಚುನಾವಣೆ ನೆನಪಿಸಿಕೊಂಡರೆ ಈ ಅಂತರದ ತೂಕ ತಿಳಿಯುತ್ತದೆ. 2014ರಲ್ಲಿ ಬಿ.ವಿ. ನಾಯಕ ಗೆದ್ದಿದ್ದು ಬರೀ 1,499 ಮತಗಳಿಂದ. ಎಂಟು ವಿಧಾನಸಭೆ ಕ್ಷೇತ್ರಕ್ಕೆ ಹಂಚಿದರೆ ಒಂದೊಂದಕ್ಕೆ 190 ಮತವೂ ಬೀಳುವುದಿಲ್ಲ.

2024ರಲ್ಲಿ ಅಮರೇಶ್ವರ ನಾಯಕರಿಗೆ ಮತ್ತೆ ಟಿಕೆಟ್ ಸಿಕ್ಕಿತು. 5,91,185 ಮತ ಬಂತು, ಅಂದರೆ ಹಿಂದಿನದಕ್ಕಿಂತ 7 ಸಾವಿರದಷ್ಟು ಮಾತ್ರ ಕಡಿಮೆ. ಆದರೂ ಸೋತರು. ನಿವೃತ್ತ ಐಎಎಸ್ ಅಧಿಕಾರಿ, ಕಾಂಗ್ರೆಸ್‌ನ ಜಿ. ಕುಮಾರ ನಾಯಕ 6,70,966 ಮತ ಪಡೆದು 79,781 ಅಂತರದಲ್ಲಿ ಗೆದ್ದರು. ತಮ್ಮ ಮತ ಹೆಚ್ಚೇನೂ ಕರಗಲಿಲ್ಲ, ಎದುರಾಳಿಯ ಮತ 1.90 ಲಕ್ಷದಷ್ಟು ಏರಿತು.

ಇಲ್ಲೂ ಒಂದು ಬದಲಾವಣೆ ಗಮನಿಸಿ. 2024ರಲ್ಲಿ ನಮ್ಮ ಮೂರೂ ತಾಲೂಕಿಗೆ ಸಂಸದರಾಗಿ ಬಂದ ಇಬ್ಬರೂ, ರಾಜಶೇಖರ ಹಿಟ್ನಾಳ ಮತ್ತು ಕುಮಾರ ನಾಯಕ, ಎಂಎಲ್‌ಎ ಮೆಟ್ಟಿಲು ಹತ್ತದೆ ನೇರವಾಗಿ ಲೋಕಸಭೆಗೆ ಹೋದವರು.

ಮೊದಲೂ ಹೋಗಿದ್ದರು, ಮರಳಿಯೂ ಬಂದಿದ್ದರು

ಈ ಹಾದಿ ಹೊಸದಲ್ಲ. ಲಿಂಗಸುಗೂರಿನ ಶಾಸಕರಾಗಿದ್ದ ಬಸವರಾಜ ಪಾಟೀಲ ಅನ್ವರಿ 1989ರಲ್ಲಿ ಜನತಾದಳದಿಂದ ಕೊಪ್ಪಳದ ಸಂಸದರಾದರು. ಸಿಂಧನೂರಿನ ಕೆ. ವಿರೂಪಾಕ್ಷಪ್ಪ 2004ರಲ್ಲಿ ಕಾಂಗ್ರೆಸ್‌ನಿಂದ ಕೊಪ್ಪಳ ಸಂಸದರಾದರು. ಆಮೇಲೆ ಸಿಂಧನೂರು ಕಡೆಯವರು ಯಾರೂ ಆ ಸ್ಥಾನಕ್ಕೆ ಹೋಗಿಲ್ಲ.

ಎಂಪಿ ಆದಮೇಲೆ ಎಂಎಲ್‌ಎ ಆಗಲು ಬಂದವರೂ ಇದ್ದಾರೆ. ಯಲಬುರ್ಗಾದ ಬಸವರಾಜ ರಾಯರೆಡ್ಡಿ ಶಾಸಕರಾಗಿದ್ದವರು, 1996ರಲ್ಲಿ ಜನತಾದಳದಿಂದ ಕೊಪ್ಪಳ ಸಂಸದರಾದರು. ಮುಂದೆ ಮತ್ತೆ ವಿಧಾನಸಭೆಗೇ ಬಂದು ರಾಜ್ಯದಲ್ಲಿ ಸಚಿವರೂ ಆದರು. ರಾಯಚೂರಿನಿಂದ ನಾಲ್ಕು ಬಾರಿ ಸಂಸದರಾಗಿದ್ದ ಎ. ವೆಂಕಟೇಶ ನಾಯಕ 2013ರಲ್ಲಿ ದೇವದುರ್ಗದ ಶಾಸಕರಾಗಿ ಬಂದರು. 2015ರ ಆಗಸ್ಟ್ 24ರಂದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ನಾಂದೇಡ್ ಎಕ್ಸ್‌ಪ್ರೆಸ್ ರೈಲಿಗೆ ಗ್ರಾನೈಟ್ ಲಾರಿ ಗುದ್ದಿದ ಅಪಘಾತದಲ್ಲಿ ತೀರಿಕೊಂಡರು. ಅವರ ಮಗ ಬಿ.ವಿ. ನಾಯಕ ಸಂಸದರಾಗಿದ್ದವರು 2023ರಲ್ಲಿ ಬಿಜೆಪಿಯಿಂದ ಮಾನ್ವಿ ವಿಧಾನಸಭೆಗೆ ನಿಂತು ಸೋತರು.

ದೆಹಲಿ ದೊಡ್ಡದು ಅನ್ನೋದು ನಿಜ. ಆದರೆ ಕಾಲುವೆ ಗೇಟು, ಪೊಲೀಸ್ ಠಾಣೆ, ತಹಶೀಲ್ದಾರ್ ಕಚೇರಿ ಎಲ್ಲಾ ಎಂಎಲ್‌ಎ ಮಾತಿಗೇ ಹೆಚ್ಚು ಕಿವಿಗೊಡುತ್ತವೆ ಅನ್ನೋದು ರಾಜಕಾರಣಿಗಳಿಗೂ ಗೊತ್ತು.

ಹಣದ ಲೆಕ್ಕ: ಎಂಎಲ್‌ಎಗೆ 2 ಕೋಟಿ, ಎಂಪಿಗೆ 5 ಕೋಟಿ

ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ ರೂ. ಮೇಲ್ನೋಟಕ್ಕೆ ಎಂಪಿ ಹಣ ಜಾಸ್ತಿ. ಆದರೆ 5 ಕೋಟಿಯನ್ನು ಎಂಟು ವಿಧಾನಸಭೆ ಕ್ಷೇತ್ರಕ್ಕೆ ಸಮನಾಗಿ ಹಂಚಿದರೆ ಒಂದು ಕ್ಷೇತ್ರಕ್ಕೆ ಬೀಳುವುದು 62.5 ಲಕ್ಷ. ಅಂದರೆ ಸಿಂಧನೂರಿಗೆ ಎಂಎಲ್‌ಎ ನಿಧಿಯಿಂದ 2 ಕೋಟಿ ಬಂದರೆ ಎಂಪಿ ನಿಧಿಯಿಂದ ಅದರ ಮೂರನೇ ಒಂದು ಪಾಲೂ ಇಲ್ಲ. ಇದರ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅನುದಾನದ ಕಾಮಗಾರಿಗಳಲ್ಲೂ ಶಾಸಕರ ಮಾತೇ ಮುಂದೆ.

ಕೋವಿಡ್ ಸಮಯದಲ್ಲಿ, 2020ರ ಏಪ್ರಿಲ್‌ನಿಂದ, ಕೇಂದ್ರ ಸರ್ಕಾರ ಸಂಸದರ ನಿಧಿಯನ್ನೇ ನಿಲ್ಲಿಸಿತ್ತು. 2021ರ ನವೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಸಂಗಣ್ಣ ಮತ್ತು ಅಮರೇಶ್ವರ ನಾಯಕ ಇಬ್ಬರ ಅವಧಿಯಲ್ಲೂ ಒಂದೂವರೆ ವರ್ಷ ಆ ಹಣ ಇರಲಿಲ್ಲ. "ಎಂಪಿ ಏನೂ ಮಾಡಲಿಲ್ಲ" ಅನ್ನೋ ಮೊದಲು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾತು. ಎಂಪಿ ತಮ್ಮ ಕೈಯಾರೆ ಹಣ ಕೊಡೋದಿಲ್ಲ. ಅವರು ಕಾಮಗಾರಿ ಶಿಫಾರಸು ಮಾಡ್ತಾರೆ, ಮಂಜೂರು ಮಾಡಿ ಮಾಡಿಸೋದು ಜಿಲ್ಲಾಡಳಿತ. ನಿಧಿಯಲ್ಲಿ ಶೇ 15ರಷ್ಟು ಪರಿಶಿಷ್ಟ ಜಾತಿ, ಶೇ 7.5ರಷ್ಟು ಪರಿಶಿಷ್ಟ ಪಂಗಡದ ಜನ ಇರುವ ಕಡೆ ಖರ್ಚಾಗಬೇಕು ಅನ್ನುವುದು ನಿಯಮ.

ಹಾಗಾದ್ರೆ ಎಂಪಿ ಯಾತಕ್ಕ ಬೇಕು?

ಬಸ್ ಶೆಲ್ಟರ್‌ಗೂ ಹೈಮಾಸ್ಟ್ ದೀಪಕ್ಕೂ ಅಲ್ಲ. ಎಂಪಿಯ ನಿಜವಾದ ಕೆಲಸ ಬೇರೆ ಕಡೆ ಇದೆ. ನಮ್ಮ ಮೂರು ತಾಲೂಕಿಗೆ ಸಂಬಂಧಪಟ್ಟ ಐದು ವಿಷಯ ನೋಡೋಣ.

1. ಸಿಂಧನೂರು ರೈಲು. ಗಿಣಿಗೇರಾ–ಮಹಬೂಬ್‌ನಗರ ಮಾರ್ಗ 1990ರ ದಶಕದ ಯೋಜನೆ. ಎಷ್ಟೋ ಎಂಪಿಗಳು ಬಂದುಹೋದರು, ರೈಲು ಬರಲಿಲ್ಲ. ಸಂಗಣ್ಣ ಅವರ ಅವಧಿಯಲ್ಲಿ ರೈಲು ಗಂಗಾವತಿ, ಕಾರಟಗಿ ದಾಟಿ 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ಬಂತು. ಅವರಿಗೆ ಟಿಕೆಟ್ ತಪ್ಪಿದ್ದೂ ಅದೇ ತಿಂಗಳು. ಆದರೆ ರೈಲಿನ ಪೂರ್ತಿ ಹೆಸರು ಒಬ್ಬರಿಗೇ ಕೊಡುವುದು ಸರಿಯಲ್ಲ. ಹಳಿ ಹಾಕೋದು ಕೇಂದ್ರ, ಭೂಮಿ ಕೊಡಿಸಬೇಕಾದ್ದು ರಾಜ್ಯ. ಒಬ್ಬರು ಕೈಬಿಟ್ಟರೂ ಕೆಲಸ ನಿಲ್ಲುತ್ತದೆ. ಸಿಂಧನೂರಿನಿಂದ ಮಾನ್ವಿ ಮೇಲೆ ರಾಯಚೂರಿಗೆ ಹಳಿ ಮುಟ್ಟಿದಾಗಲೇ ಈ ಮಾರ್ಗದ ನಿಜವಾದ ಲಾಭ. ಆಗ ಸಿಂಧನೂರಿನ ಅಕ್ಕಿ ಹೈದರಾಬಾದ್ ಕಡೆಗೆ ನೇರ ಹೋಗಬಹುದು. ಕೊಪ್ಪಳ ಎಂಪಿ ಮತ್ತು ರಾಯಚೂರು ಎಂಪಿ ಇಬ್ಬರೂ ಕೂಡಿ ಒತ್ತಬೇಕಾದ ಕೆಲಸ ಇದು, ಯಾಕೆಂದರೆ ಸಿಂಧನೂರು ಒಬ್ಬರ ಕ್ಷೇತ್ರ, ಮಾನ್ವಿ ಇನ್ನೊಬ್ಬರ ಕ್ಷೇತ್ರ.

2. ಲಿಂಗಸುಗೂರು ರೈಲು. ಗದಗ–ವಾಡಿ ಹೊಸ ಮಾರ್ಗ ಸುಮಾರು 250 ಕಿ.ಮೀ. ಉದ್ದದ್ದು. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಮೂಲಕ ವಾಡಿಗೆ. 2025ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ರೈಲು ಓಡಿತು. ಮುಂದಿನ ದೊಡ್ಡ ಊರು ಲಿಂಗಸುಗೂರೇ. ಕುಷ್ಟಗಿ ಕೊಪ್ಪಳ ಎಂಪಿ ವ್ಯಾಪ್ತಿ, ಲಿಂಗಸುಗೂರು ರಾಯಚೂರು ಎಂಪಿ ವ್ಯಾಪ್ತಿ. ಇಲ್ಲೂ ಇಬ್ಬರೂ ಬೇಕು.

3. ತುಂಗಭದ್ರಾ ನೀರು. ಎಡದಂಡೆ ಕಾಲುವೆ ನೀರು ಬಂದರೆ ಸಿಂಧನೂರು ಬಜಾರಿನಲ್ಲಿ ಗೊಬ್ಬರದ ಅಂಗಡಿಯಿಂದ ಬಟ್ಟೆ ಅಂಗಡಿವರೆಗೆ ವ್ಯಾಪಾರ. ಎರಡನೇ ಬೆಳೆಗೆ ನೀರಿಲ್ಲ ಅಂದರೆ ಉದ್ರಿ ಖಾತೆ ಬೆಳೀತದ. ಜಲಾಶಯ ಕಟ್ಟಿದಾಗ 133 ಟಿಎಂಸಿ ಅಡಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ಅಣೆಕಟ್ಟು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ, ಅದು ಕೇಂದ್ರದ ಅಡಿ ಬರುವ ಅಂತರರಾಜ್ಯ ಸಂಸ್ಥೆ. ನವಲಿ ಸಮಾನಾಂತರ ಜಲಾಶಯ ಆಗಬೇಕಾದರೆ ಆಂಧ್ರ, ತೆಲಂಗಾಣ ಒಪ್ಪಬೇಕು. ಕಾಲುವೆಯ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅಂದರೆ ಎಂಎಲ್‌ಎ ಮತ್ತು ನೀರಾವರಿ ಇಲಾಖೆ. ಜಲಾಶಯದಲ್ಲೇ ನೀರು ನಿಲ್ಲುತ್ತಿಲ್ಲ ಅಂದರೆ ಎಂಪಿ ಬಾಯಿ ಬಿಡಬೇಕು.

4. ಏಮ್ಸ್. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಿಂದ ಹೋರಾಟ ಸಮಿತಿ ಧರಣಿ ಕೂತಿತು, ಸಾವಿರ ದಿನ ದಾಟಿತು. ಏಮ್ಸ್ ಮಂಜೂರು ಮಾಡುವುದು ಕೇಂದ್ರ. ಸಿಂಧನೂರು, ಮಸ್ಕಿಯವರು ಇದರಲ್ಲಿ ರಾಯಚೂರು ಎಂಪಿಯನ್ನು ಮಾತ್ರ ಕೇಳಬೇಕಿಲ್ಲ. ನಮ್ಮ ಜಿಲ್ಲೆಯ ಎರಡು ಕ್ಷೇತ್ರದ ಮತ ಪಡೆದ ಕೊಪ್ಪಳ ಎಂಪಿಯನ್ನೂ ಕೇಳಬಹುದು, ಕೇಳಬೇಕು.

5. ಮಸ್ಕಿ ಶಾಸನ. 1915ರಲ್ಲಿ ಸಿಕ್ಕ ಅಶೋಕನ ಶಿಲಾಶಾಸನ, ಅಶೋಕ ಎಂಬ ಹೆಸರೇ ಇದ್ದ ಕಾರಣಕ್ಕೆ ದೇಶದ ಇತಿಹಾಸದಲ್ಲೇ ಹೆಸರಾದದ್ದು. ಇದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕ, ಅಂದರೆ ಕೇಂದ್ರದ್ದು. ಅಲ್ಲಿಗೆ ಪ್ರವಾಸಿಗರು ಬರಬೇಕು, ಮಸ್ಕಿ ಹೋಟೆಲು, ಅಂಗಡಿಗಳಿಗೆ ವ್ಯಾಪಾರ ಆಗಬೇಕು ಅಂದರೆ ಅರ್ಜಿ ಎಂಪಿಗೆ ಹೋಗಬೇಕು.

ಇವು ಯಾವುದೂ ಒಂದು ಫೋನಿನಲ್ಲಿ ಆಗೋ ಕೆಲಸ ಅಲ್ಲ. ಲೋಕಸಭೆಯಲ್ಲಿ ಪ್ರಶ್ನೆ ಕೇಳುವುದು, ಶೂನ್ಯವೇಳೆಯಲ್ಲಿ ಮಾತಾಡುವುದು, ನಿಯಮ 377ರ ಅಡಿ ವಿಷಯ ಎತ್ತುವುದು, ಸಚಿವರ ಕಚೇರಿಗೆ ಅಲೆಯುವುದು: ಎಂಪಿಯ ಕೈಯಲ್ಲಿರುವ ಆಯುಧ ಇವೇ. ಇದರಿಂದ ದೊಡ್ಡದೂ ಆಗಿದೆ. ನಮ್ಮ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡಿಸಿದ 371(ಜೆ) ಬಂದಿದ್ದು ವಿಧಾನಸಭೆಯಿಂದಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಒಪ್ಪಿದ್ದರಿಂದ ಬಂತು.

ದಿಶಾ ಸಭೆ: ಕೇಳುವ ಜಾಗ

ಕೇಂದ್ರದ ಯೋಜನೆಗಳಾದ ಆವಾಸ್ ಮನೆ, ಗ್ರಾಮ ಸಡಕ್ ರಸ್ತೆ, ಜಲಜೀವನ್ ನಳದ ನೀರು ಇವುಗಳ ಪರಿಶೀಲನೆಗೆ ಪ್ರತಿ ಜಿಲ್ಲೆಯಲ್ಲೂ 'ದಿಶಾ' ಸಮಿತಿ ಇದೆ. ಅಧ್ಯಕ್ಷತೆ ಸಂಸದರದು, ಮೂರು ತಿಂಗಳಿಗೊಮ್ಮೆ ಸಭೆ ಆಗಬೇಕು. ಸಿಂಧನೂರು, ಮಸ್ಕಿಯ ಹಳ್ಳಿಗಳ ಲೆಕ್ಕ ಬರುವುದು ರಾಯಚೂರು ಜಿಲ್ಲೆಯ ದಿಶಾ ಸಭೆಗೆ, ಕೊಪ್ಪಳದ ಸಭೆಗಲ್ಲ. ಹಾಗಾಗಿ ಕೊಪ್ಪಳ ಎಂಪಿ ರಾಯಚೂರಿನ ಸಭೆಗೆ ಬಂದರೋ ಇಲ್ಲವೋ ಅನ್ನುವುದೇ ನಮಗೆ ಮುಖ್ಯ. ಗ್ರಾಮ ಪಂಚಾಯಿತಿ ಸದಸ್ಯರು, ಸಂಘಟನೆಯವರು ಈ ಒಂದು ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡರೆ ಒಳ್ಳೆಯದು.

ಎಂಎಲ್‌ಎ ಆಗಿದ್ದಾಗಲೇ ಎಂಪಿ ಆದರೆ?

ಎರಡೂ ಸ್ಥಾನ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ಗೆಲುವಿನ ಅಧಿಸೂಚನೆ ಪ್ರಕಟವಾದ 14 ದಿನದೊಳಗೆ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡಬೇಕು, ಇಲ್ಲದಿದ್ದರೆ ಸಂಸದ ಸ್ಥಾನವೇ ಹೋಗುತ್ತದೆ. ಖಾಲಿಯಾದ ವಿಧಾನಸಭೆ ಸ್ಥಾನಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ.

2024ರಲ್ಲಿ ರಾಜ್ಯದಲ್ಲಿ ಹೀಗೆ ಮೂರು ಕಡೆ ಆಯಿತು. ಸಂಡೂರಿನ ಶಾಸಕ ಇ. ತುಕಾರಾಂ ಬಳ್ಳಾರಿ ಸಂಸದರಾದರು, ಶಿಗ್ಗಾವಿಯ ಬಸವರಾಜ ಬೊಮ್ಮಾಯಿ ಹಾವೇರಿ ಸಂಸದರಾದರು, ಚನ್ನಪಟ್ಟಣದ ಎಚ್.ಡಿ. ಕುಮಾರಸ್ವಾಮಿ ಮಂಡ್ಯ ಸಂಸದರಾದರು. ನವೆಂಬರ್ 13ರಂದು ಮೂರೂ ಕಡೆ ಉಪಚುನಾವಣೆ ನಡೆದು ಮೂರನ್ನೂ ಕಾಂಗ್ರೆಸ್ ಗೆದ್ದಿತು.

ಸಂಗಣ್ಣ ಮತ್ತು ಅಮರೇಶ್ವರ ನಾಯಕ ಇಬ್ಬರೂ ಮೊದಲ ಸಲ ಎಂಪಿ ಆದಾಗ ಹಾಲಿ ಶಾಸಕರಾಗಿರಲಿಲ್ಲ. ಹಾಗಾಗಿ ಅವರಿಂದ ಉಪಚುನಾವಣೆ ಬರಲಿಲ್ಲ. ನಮ್ಮ ಭಾಗ ಕಂಡ ದೊಡ್ಡ ಉಪಚುನಾವಣೆ ಮಸ್ಕಿಯದು, ಅದಕ್ಕೆ ಕಾರಣ ಬೇರೆ. 2018ರಲ್ಲಿ 213 ಮತದಿಂದ ಕಾಂಗ್ರೆಸ್‌ನಲ್ಲಿ ಗೆದ್ದ ಪ್ರತಾಪಗೌಡ ಪಾಟೀಲ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. 2021ರ ಉಪಚುನಾವಣೆಯಲ್ಲಿ ಬಸನಗೌಡ ತುರ್ವಿಹಾಳ ಎದುರು 30 ಸಾವಿರಕ್ಕೂ ಹೆಚ್ಚು ಮತದಿಂದ ಸೋತರು. ಪಕ್ಷ ಬದಲಿಸಿ ಉಪಚುನಾವಣೆ ಗೆದ್ದ ಸಂಗಣ್ಣ, ಪಕ್ಷ ಬದಲಿಸಿ ಸೋತ ಪ್ರತಾಪಗೌಡ: ಎರಡೂ ಕೊಪ್ಪಳ ಲೋಕಸಭೆ ಕ್ಷೇತ್ರದೊಳಗಿನ ಕತೆ.

ಯಾವ ಕೆಲಸಕ್ಕೆ ಯಾರು: ಕತ್ತರಿಸಿ ಇಟ್ಟುಕೊಳ್ಳಿ

ಚರಂಡಿ, ಬೀದಿದೀಪ, ಕಸ, ಅಂಗಡಿ ಲೈಸೆನ್ಸ್: ಸಿಂಧನೂರಿನಲ್ಲಿ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಪುರಸಭೆ. ಎಂಎಲ್‌ಎ ಹತ್ತಿರ ಹೋಗುವ ಮೊದಲು ವಾರ್ಡ್ ಸದಸ್ಯರು.

ಪಹಣಿ, ಪಡಿತರ, ಪಿಂಚಣಿ, ಪೊಲೀಸ್, ಕರೆಂಟು, ಎಪಿಎಂಸಿ, ಸರ್ಕಾರಿ ಶಾಲೆ, ತಾಲೂಕು ಆಸ್ಪತ್ರೆ: ರಾಜ್ಯ ಸರ್ಕಾರ, ಶಾಸಕರು.

ಕಾಲುವೆ ನೀರು, ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಡಿಕೆ: ರಾಜ್ಯ ಸರ್ಕಾರ, ಶಾಸಕರು.

ಹಟ್ಟಿ ಚಿನ್ನದ ಗಣಿ: ರಾಜ್ಯ ಸರ್ಕಾರದ ಕಂಪನಿ. ಮೊದಲು ಶಾಸಕರು.

ರೈಲು, ರಾಷ್ಟ್ರೀಯ ಹೆದ್ದಾರಿ 150ಎ, ಅಂಚೆ, ಪಾಸ್‌ಪೋರ್ಟ್, ರಾಷ್ಟ್ರೀಕೃತ ಬ್ಯಾಂಕ್, ಬಿಎಸ್‌ಎನ್‌ಎಲ್, ಪುರಾತತ್ವ ಸ್ಮಾರಕ: ಕೇಂದ್ರ ಸರ್ಕಾರ, ಸಂಸದರು.

ತುಂಗಭದ್ರಾ ಜಲಾಶಯ, ನವಲಿ, ಏಮ್ಸ್: ಇಬ್ಬರೂ.

ಸಿಂಧನೂರು, ಮಸ್ಕಿಯವರ ಸಂಸದರು: ಕೊಪ್ಪಳ ಕ್ಷೇತ್ರದವರು. ಲಿಂಗಸುಗೂರಿನವರ ಸಂಸದರು: ರಾಯಚೂರು ಕ್ಷೇತ್ರದವರು. 2023ರಲ್ಲಿ ಗೆದ್ದ ಶಾಸಕರು: ಸಿಂಧನೂರಿಗೆ ಹಂಪನಗೌಡ ಬಾದರ್ಲಿ (ಕಾಂಗ್ರೆಸ್), ಮಸ್ಕಿಗೆ ಬಸನಗೌಡ ತುರ್ವಿಹಾಳ (ಕಾಂಗ್ರೆಸ್), ಲಿಂಗಸುಗೂರಿಗೆ ಮಾನಪ್ಪ ವಜ್ಜಲ್ (ಬಿಜೆಪಿ).

ಕೊನೆಗೆ

ಎಂಎಲ್‌ಎಯಿಂದ ಎಂಪಿ ಆಗುವುದನ್ನು ಜನ ಬಡ್ತಿ ಅಂತಾರೆ. ಸಂಗಣ್ಣ ಮತ್ತು ಅಮರೇಶ್ವರ ನಾಯಕರ ಹಾದಿ ನೋಡಿದರೆ ಅದು ಬಡ್ತಿಗಿಂತ ವರ್ಗಾವಣೆ ಇದ್ದಂತೆ. ಊರಿನ ಸಣ್ಣ ಕೆಲಸ ಮಾಡಿಸುವ ಶಕ್ತಿ ಕಡಿಮೆ ಆಗ್ತದೆ, ದೊಡ್ಡ ಕೆಲಸಕ್ಕೆ ದನಿ ಎತ್ತುವ ಅವಕಾಶ ಸಿಗ್ತದೆ. ಆ ದನಿ ಎತ್ತಿದರೋ ಇಲ್ಲವೋ ಅನ್ನೋದು ಐದು ವರ್ಷಕ್ಕೊಮ್ಮೆ ಅಲ್ಲ, ಪ್ರತಿ ಅಧಿವೇಶನದಲ್ಲೂ ಲೆಕ್ಕಕ್ಕೆ ಸಿಗುತ್ತದೆ. ಸಂಸದರು ಕೇಳಿದ ಪ್ರಶ್ನೆಗಳು ಲೋಕಸಭೆಯ ದಾಖಲೆಯಲ್ಲಿರುತ್ತವೆ, ಯಾರು ಬೇಕಾದರೂ ನೋಡಬಹುದು.

ಮುಂದಿನ ಜನಗಣತಿ ಮತ್ತು ಅದರ ನಂತರದ ಮರುವಿಂಗಡಣೆಯಲ್ಲಿ ಈ ಗಡಿ ಮತ್ತೆ ಬದಲಾಗಬಹುದು. ಒಂದೇ ಹೆದ್ದಾರಿಯ ಮೂರು ಊರು ಒಬ್ಬ ಎಂಪಿಯ ಕೆಳಗೆ ಬರಬೇಕೋ, ಹೀಗೇ ಇಬ್ಬರು ಇರಬೇಕೋ ಅನ್ನೋದು ಆಗ ಚರ್ಚೆಗೆ ಬರುವ ಮಾತು. ಅಲ್ಲಿವರೆಗೆ, ಎಂಪಿ ಇಬ್ಬರಿದ್ದಾರೆ ಅಂದರೆ ಕೇಳಲಿಕ್ಕೆ ಇಬ್ಬರಿದ್ದಾರೆ ಅಂತ ತಿಳಿದು ಇಬ್ಬರನ್ನೂ ಕೇಳಬೇಕು.